ಹೊರನಾಡಿನ ಮೀನು: ಎಲ್ಲಿ ಸಾಕಬಹುದು, ಎಲ್ಲಿ ಸಾಕಬಾರದು



ಪುಣೆಯ ಮುಳಾ-ಮುಠಾ ನದಿಗೆ ಬಿಟ್ಟ ಮೀನಿಗೆ ರಾಜ್ಯದ ಗಡಿ ತಿಳಿಯದು. ಆ ನದಿಯ ನೀರು ಭೀಮೆಯನ್ನು ಸೇರಿ, ಉಜನಿ ಜಲಾಶಯವನ್ನು ಹಾದು, ಕರ್ನಾಟಕದ ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಮೂಲಕ ಕೃಷ್ಣೆಯನ್ನು ಕೂಡುತ್ತದೆ. ಹೈದರಾಬಾದಿನ ಮೂಸಿ ನದಿಯೂ ಕೃಷ್ಣೆಯನ್ನೇ ಸೇರುತ್ತದೆ. ಕೃಷ್ಣೆಯ ನೀರು ತೆಲುಗು ಗಂಗಾ ಕಾಲುವೆಯ ಮೂಲಕ ಚೆನ್ನೈ ನಗರಕ್ಕೆ ನೀರುಣಿಸುವ ಪೂಂಡಿ ಜಲಾಶಯವನ್ನು ತಲುಪುತ್ತದೆ. ಆದುದರಿಂದ ಹೊರನಾಡಿನ ಯಾವ ಮೀನನ್ನು ಎಲ್ಲಿ ಸಾಕಬಹುದೆಂಬ ಪ್ರಶ್ನೆಯು ಒಂದು ಕೊಳಕ್ಕೆ ಅಥವಾ ಒಂದು ಜಿಲ್ಲೆಗೆ ಸೀಮಿತವಾದುದಲ್ಲ. ಇದಕ್ಕೆ ಉತ್ತರ ನೀಡುವ ನಕ್ಷೆಯನ್ನು ಆಡಳಿತದ ಗಡಿಗಳಿಗಿಂತ ಮಿಗಿಲಾಗಿ ನದೀ ಕೊಳ್ಳಗಳನ್ನು ಆಧರಿಸಿ ರಚಿಸಬೇಕಾಗುತ್ತದೆ.

ಈ ವಿಷಯದಲ್ಲಿ ಮೊದಲ ಪಾಠವನ್ನು ಕಲಿಸಿದ್ದು ತಿಲಾಪಿಯಾ. ಕನ್ನಡಿಗರು ಜಿಲೇಬಿ ಎಂದೂ ಮರಾಠಿಗರು ಚಿಲಾಪಿ ಎಂದೂ ಕರೆಯುವ ಈ ಮೀನಿನ ಮೂಲ ಆಫ್ರಿಕಾ. ಅಗ್ಗದ ಆಹಾರವಾಗಬಹುದೆಂಬ ಸದುದ್ದೇಶದಿಂದ 1952ರಲ್ಲಿ ಇದನ್ನು ಅಂದಿನ ಸಿಲೋನಿನಿಂದ ಭಾರತಕ್ಕೆ ತರಲಾಯಿತು. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲಿಯೇ ಇರಿಸಿಕೊಂಡು ಕಾಯುವುದರಿಂದ ಮರಿಗಳು ಹೆಚ್ಚಾಗಿ ಉಳಿಯುತ್ತವೆ. ಕೆಲವೇ ತಿಂಗಳಲ್ಲಿ ಮರಿಗಳೂ ಸಂತಾನೋತ್ಪತ್ತಿಗೆ ತೊಡಗುತ್ತವೆ. 1959ರಲ್ಲಿ ಇದರ ಪ್ರಸಾರಕ್ಕೆ ನಿರ್ಬಂಧ ವಿಧಿಸಲಾಯಿತಾದರೂ, ಅಷ್ಟರಲ್ಲಿ ಅದು ಅನೇಕ ಕೆರೆಗಳನ್ನು ಸೇರಿಬಿಟ್ಟಿತ್ತು. ತೆರೆದ ನೀರಿನಲ್ಲಿ ಒಮ್ಮೆ ನೆಲೆಗೊಂಡ ಮೀನನ್ನು ಹಿಂದಕ್ಕೆ ಪಡೆಯುವುದು ಅಸಾಧ್ಯಪ್ರಾಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಎರಡನೆಯ ಉದಾಹರಣೆ ಆಫ್ರಿಕನ್ ಕ್ಯಾಟ್‌ಫಿಷ್. ಮುಂಬಯಿ, ದೆಹಲಿಗಳ ಮಾರುಕಟ್ಟೆಗಳಲ್ಲಿ ಇದಕ್ಕೆ ಥಾಯ್ ಮಾಗೂರ್ ಎಂಬ ಹೆಸರಿದೆ. ಗಾಳಿಯನ್ನೂ ಉಸಿರಾಡಬಲ್ಲ ಈ ಮೀನು ಕೊಳೆತ ನೀರಿನಲ್ಲಿಯೂ ಬದುಕುತ್ತದೆ. ತೇವದ ನೆಲದ ಮೇಲೆ ತೆವಳಿ ಮತ್ತೊಂದು ಹೊಂಡವನ್ನು ಸೇರಬಲ್ಲದು. ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತದೆ. ಇದರ ಸಾಕಣೆಯನ್ನು ಕೇಂದ್ರ ಸರ್ಕಾರವು 2000ದಲ್ಲಿ ನಿಷೇಧಿಸಿತು. ನಕ್ಷೆಯಲ್ಲಿ ಈ ಮೀನಿಗೆ ಅನುಮತಿಯ ಬಣ್ಣ ಎಲ್ಲಿಯೂ ಇಲ್ಲ. ಆದರೂ ಗುಪ್ತವಾಗಿ ಸಾಕಣೆ ನಡೆದಿದೆ. ಬೇಗ ಬೆಳೆಯುವ ಮೀನೆಂದು ನಂಬಿ ಸಾಲ ಮಾಡಿ ಹೊಂಡ ತೋಡಿದ ರೈತನು, ಅಧಿಕಾರಿಗಳು ಇಡೀ ಫಸಲನ್ನು ನಾಶಪಡಿಸಿದಾಗ ಮಾತ್ರ ನಿಷೇಧದ ವಿಷಯವನ್ನು ಅರಿಯುವಂತಾಗಬಾರದು.

ಎಲ್ಲ ಹೊರನಾಡಿನ ಮೀನುಗಳೂ ಹೀಗೆ ಸಂಪೂರ್ಣ ನಿಷಿದ್ಧವಲ್ಲ. ಸುಧಾರಿತ ತಿಲಾಪಿಯಾ ತಳಿಗಳನ್ನು ನೋಂದಣಿ ಮಾಡಿಸಿ, ಷರತ್ತುಗಳಿಗೆ ಒಳಪಟ್ಟು ಸಾಕಲು ಅವಕಾಶವಿದೆ. ಗಂಡುಮರಿಗಳನ್ನು ಅಥವಾ ಸಂತಾನಶಕ್ತಿಯಿಲ್ಲದ ಮರಿಗಳನ್ನು ಮಾತ್ರ ಬೆಳೆಸುವುದು, ನೀರು ಹೊರಹೋಗುವ ದಾರಿಗೆ ಬಲೆ ಅಳವಡಿಸುವುದು, ನೆರೆಪೀಡಿತ ಸ್ಥಳಗಳನ್ನು ವರ್ಜಿಸುವುದು ಇವುಗಳಲ್ಲಿ ಮುಖ್ಯವಾದವು. ಒಳನಾಡು ಮೀನುಗಾರಿಕೆಯು ಸಂವಿಧಾನದ ರಾಜ್ಯಪಟ್ಟಿಗೆ ಸೇರಿರುವುದರಿಂದ, ಅನುಮತಿಗಾಗಿ ಆಯಾ ರಾಜ್ಯದ ಮೀನುಗಾರಿಕೆ ಇಲಾಖೆಯನ್ನೇ ಸಂಪರ್ಕಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಲಾದ ತಿದ್ದುಪಡಿಯು ಆಕ್ರಮಣಕಾರಿ ಪರಕೀಯ ಜೀವಿಗಳ ಆಮದು, ವ್ಯಾಪಾರ ಹಾಗೂ ಸ್ವಾಧೀನವನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ.

ಹೀಗಾಗಿ ಉಪಯುಕ್ತ ನಕ್ಷೆಯೊಂದರಲ್ಲಿ ಹಲವು ಪದರಗಳಿರಬೇಕು. ಮೊದಲನೆಯದು ನದೀ ಕೊಳ್ಳ ಮತ್ತು ಉಪಕೊಳ್ಳಗಳ ಎಲ್ಲೆ. ಎರಡನೆಯದು ಕೊಳ್ಳದಿಂದ ಕೊಳ್ಳಕ್ಕೆ ನೀರು ಒಯ್ಯುವ ಕಾಲುವೆಗಳು. ಮೂರನೆಯದು ನೆರೆ ಬಂದಾಗ ಮುಳುಗುವ ಪ್ರದೇಶ. ನಾಲ್ಕನೆಯದು ಅಭಯಾರಣ್ಯಗಳು ಹಾಗೂ ವಿರಳ ಮೀನುಗಳ ನೆಲೆಗಳು. ಕೊನೆಯದು ನೋಂದಾಯಿತ ಸಾಕಣೆ ಕೇಂದ್ರಗಳು. ಮೂರನೆಯ ಪದರದ ಮಹತ್ವವನ್ನು ಕೇರಳದ 2018ರ ಮಹಾಪೂರವು ತೋರಿಸಿಕೊಟ್ಟಿತು. ನೆರೆ ಇಳಿದ ಬಳಿಕ ಚಾಲಕುಡಿ ನದಿಯಲ್ಲಿ ಮೀನುಗಾರರ ಬಲೆಗೆ ಅಮೆಜಾನ್ ಮೂಲದ ಅರಪೈಮಾ ಬಿದ್ದಿತು. ಸಾಕಿದವರ ಕೊಳಗಳಿಂದ ಇಂತಹ ಮೀನುಗಳನ್ನು ಹೊರತಂದುದು ಪ್ರವಾಹವೇ.

ಪರಕೀಯವೆಂದರೆ ಹೊರದೇಶದ್ದೇ ಆಗಬೇಕೆಂದಿಲ್ಲ. ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್ ಕಾವೇರಿ ಕೊಳ್ಳದಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಉತ್ಪಾದಿಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸಂರಕ್ಷಣೆಯ ಹೆಸರಿನಲ್ಲಿಯೇ ಕಾವೇರಿಗೆ ಬಿಡಲಾಯಿತು. ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದಿನ ಬೇಟೆಗಳ ಜೊತೆಗೆ ಈ ಬಿತ್ತನೆಯೂ ಕಾವೇರಿಯ ಮಹಶೀರಿನ ಇಳಿಮುಖಕ್ಕೆ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. 2018ರಲ್ಲಿ ಅದು ತೀವ್ರ ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತು. ದೇಶದ ಗಡಿಯನ್ನು ಮಾತ್ರ ತೋರಿಸುವ ನಕ್ಷೆಯಲ್ಲಿ ಈ ನಷ್ಟ ಕಾಣುವುದೇ ಇಲ್ಲ. ಕೊಳ್ಳದ ನಕ್ಷೆಯಲ್ಲಿ ಮಾತ್ರ ಕಾಣುತ್ತದೆ.

ನಕ್ಷೆ ರಚಿಸುವುದು ಇಲಾಖೆಗಳ ಮತ್ತು ವಿಜ್ಞಾನಿಗಳ ಕಾರ್ಯವಾದರೂ, ಅದನ್ನು ಸಾರ್ಥಕಗೊಳಿಸುವವರು ನಾಗರಿಕರು. ಸಾಕಣೆದಾರರು ಮರಿ ಕೊಳ್ಳುವ ಮುನ್ನವೇ ಅನುಮತಿಯನ್ನು ವಿಚಾರಿಸಬೇಕು. ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು, ಅದು ದೊಡ್ಡದಾಯಿತೆಂದು ಕನಿಕರದಿಂದಲಾದರೂ ಕೆರೆಗೆ ಬಿಡದೆ, ಮಾರಿದ ಅಂಗಡಿಗೆ ಅಥವಾ ಸಾಕಬಲ್ಲ ಮತ್ತೊಬ್ಬರಿಗೆ ಒಪ್ಪಿಸಬೇಕು. ಅಪರಿಚಿತ ಮೀನು ಬಲೆಗೆ ಬಿದ್ದರೆ ಮೀನುಗಾರರು ಸ್ಥಳ ಮತ್ತು ದಿನಾಂಕದೊಡನೆ ಇಲಾಖೆಗೆ ತಿಳಿಸಬೇಕು. ಅಂತಹ ಒಂದೊಂದು ವರದಿಯೂ ನಕ್ಷೆಯ ಮೇಲೆ ಒಂದು ಚುಕ್ಕಿಯಾಗುತ್ತದೆ. ಆ ಚುಕ್ಕಿ ಸಕಾಲದಲ್ಲಿ ಬಿದ್ದರೆ ಒಂದು ನದಿಯ ಮೀನೂ, ಅದನ್ನು ನಂಬಿದ ಕುಟುಂಬಗಳ ಜೀವನೋಪಾಯವೂ ಉಳಿಯುತ್ತವೆ.