ಮಧುಮೇಹದ ಹೊಸ್ತಿಲಲ್ಲಿ

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಮೇಜಿನ ಮುಂದೆ ನಿಂತು ಮಾತನಾಡುವವರು ಸಾಮಾನ್ಯವಾಗಿ ಸಾಹಿತಿಗಳು, ಇಲ್ಲವೆ ವಿದ್ವಾಂಸರು. ನಾವು ಅವರಾರೂ ಅಲ್ಲ. ವೈದ್ಯರಂತೂ ಅಲ್ಲವೇ ಅಲ್ಲ. ರಕ್ತಪರೀಕ್ಷೆಯ ಒಂದು ಚೀಟಿ ಈ ವಾಚನಾಲಯದ ಆರು ಮಂದಿಯನ್ನು ಒಂದುಗೂಡಿಸಿತು. ಆ ಆರು ಮಂದಿಯ ಪರವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾವು ಕಲಿತದ್ದನ್ನು ಹೇಳುತ್ತೇವೆ, ತಪ್ಪಿದ್ದನ್ನೂ ಹೇಳುತ್ತೇವೆ.

ಮೊದಲು ಆ ಚೀಟಿಯ ವಿಷಯ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದ ರಕ್ತದಲ್ಲಿ, ಪ್ರತಿ 100 ಮಿಲಿಲೀಟರಿಗೆ ಸಕ್ಕರೆ 100ರಿಂದ 125 ಮಿಲಿಗ್ರಾಂ ಇದ್ದರೆ, ಇಲ್ಲವೆ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ಶೇಕಡಾ 5.7ರಿಂದ 6.4 ಬಂದರೆ, ಅದನ್ನು ನಮ್ಮ ವೈದ್ಯರು ಪ್ರಿಡಯಾಬಿಟಿಸ್ ಎಂದರು. ಎಂದರೆ ಮಧುಮೇಹದ ಹೊಸ್ತಿಲು. ಎರಡನೆಯ ಪರೀಕ್ಷೆಯ ಸೊಗಸೊಂದಿದೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ; ಆ ಅವಧಿಯಲ್ಲಿ ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಈ ಪರೀಕ್ಷೆ ಅಳೆಯುತ್ತದೆ. ಆದಕಾರಣ ಹಿಂದಿನ ದಿನ ಉಪವಾಸ ಮಾಡಿ ಇದನ್ನು ವಂಚಿಸಲು ಬರುವುದಿಲ್ಲ. ಎರಡು ಮೂರು ತಿಂಗಳ ನಡತೆಯೆಲ್ಲ ಅಲ್ಲಿ ದಾಖಲಾಗಿರುತ್ತದೆ. ರಕ್ತಹೀನತೆ ಇರುವವರಲ್ಲಿ ಮಾತ್ರ ಈ ಲೆಕ್ಕ ತಪ್ಪುವುದುಂಟು. ಅಂಥವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಈ ಹೊಸ್ತಿಲಲ್ಲಿ ನಿಂತವರು ನಾವು ಆರೇ ಮಂದಿಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿ. ಹೊಸ್ತಿಲಲ್ಲಿರುವವರು 13 ಕೋಟಿ 60 ಲಕ್ಷ. ನೋವಿಲ್ಲ, ಜ್ವರವಿಲ್ಲ, ಊಟ ರುಚಿಸುತ್ತದೆ, ನಿದ್ದೆ ಬರುತ್ತದೆ. ಕಷ್ಟವಿರುವುದು ಅಲ್ಲಿಯೇ. ಏನೂ ಆಗದವನಿಗೆ ಪಥ್ಯ ಹಿಡಿಯುವುದೆಂದರೆ ಹಸಿವಿಲ್ಲದವನಿಗೆ ಅಡಿಗೆ ಮಾಡಿದ ಹಾಗೆ.

ಪಥ್ಯದಿಂದ ಪ್ರಯೋಜನವುಂಟೇ? ಉಂಟು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 531 ಮಂದಿ ಇದ್ದರು. ವಾಡಿಕೆಯ ಸಲಹೆಯಷ್ಟನ್ನೇ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ ಮತ್ತು ನಡಿಗೆಯ ಕ್ರಮವನ್ನು ಹಿಡಿಸಿದವರಲ್ಲಿ 39 ಮಂದಿಗೆ ಬಂತು. ಈ ಅಂಕಿಗಳನ್ನು ಎರಡು ಬಗೆಯಾಗಿ ಓದಬೇಕು. ಕ್ರಮದಲ್ಲಿ ನಡೆದರೆ ಹಲವರು ಪಾರಾಗುತ್ತಾರೆ; ಕ್ರಮದಲ್ಲಿ ನಡೆದೂ ಕೆಲವರು ಹೊಸ್ತಿಲು ದಾಟುತ್ತಾರೆ. ದಾಟಿದವರೆಲ್ಲ ನಾಲಿಗೆ ಚಪಲದವರೆಂದು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ಈ ಎರಡನೆಯ ಪಾಠ ನಮಗೆ ತಡವಾಗಿ ತಿಳಿಯಿತು.

ಇನ್ನು ಅಡಿಗೆಮನೆಯ ಮಾತು. ಮುಂಬಯಿ ಕನ್ನಡಿಗರ ಅಡಿಗೆಮನೆ ಒಂದೇ ಬಗೆಯದಲ್ಲ. ವಿಜಾಪುರ, ಧಾರವಾಡದ ಕಡೆಯವರಿಗೆ ಜೋಳದ ರೊಟ್ಟಿ. ಉಡುಪಿ, ಕುಂದಾಪುರದವರಿಗೆ ಕುಚ್ಚಲಕ್ಕಿ ಗಂಜಿ. ಹಳೆ ಮೈಸೂರಿನವರಿಗೆ ರಾಗಿಮುದ್ದೆ. ಚೀಟಿ ಬಂದ ಮೊದಲ ವಾರ ನಮ್ಮಲ್ಲಿ ನಡೆದದ್ದು ಯಾರ ಊರಿನ ಧಾನ್ಯ ಮೇಲೆಂಬ ಜಗಳ! ಆಹಾರತಜ್ಞೆಯೊಬ್ಬರು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: ಮೂರೂ ಪಿಷ್ಟವೇ, ಯಾವುದು ಎನ್ನುವುದಕ್ಕಿಂತ ಎಷ್ಟು ಎನ್ನುವುದು ಮುಖ್ಯ. ರಾಗಿಯಾದರೂ ನುಣ್ಣನೆಯ ಹಿಟ್ಟಿನ ಅಂಬಲಿಯಾಗಿ ಲೋಟಗಟ್ಟಲೆ ಇಳಿದರೆ ರಕ್ತಕ್ಕೆ ಸಕ್ಕರೆ ಬೇಗನೆ ಏರುತ್ತದೆ. ಅವರು ಹೇಳಿದ ಲೆಕ್ಕ ಸುಲಭ. ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ. ಕಾಲುಭಾಗ ಬೇಳೆ, ಕಾಳು, ಉಸಳಿ, ಮಾಂಸಾಹಾರಿಗಳಿಗೆ ಮೀನು. ಉಳಿದ ಕಾಲುಭಾಗಕ್ಕೆ ನಿಮ್ಮ ಊರಿನ ಧಾನ್ಯ. ಊಟವನ್ನು ಕೋಸಂಬರಿ, ಪಲ್ಯಗಳಿಂದ ಆರಂಭಿಸಿ ಅನ್ನವನ್ನು ಕೊನೆಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಚಹಾದ ಲೆಕ್ಕವನ್ನು ನಾವೇ ಮಾಡಿದೆವು. ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚೆ. ಚಮಚೆಗೆ 4 ಗ್ರಾಂ ಹಿಡಿದರೂ ದಿನಕ್ಕೆ 32 ಗ್ರಾಂ; ತಿಂಗಳಿಗೆ ಸುಮಾರು ಒಂದು ಕಿಲೋ ಸಕ್ಕರೆ! ಲೋಕಲ್ ಗಾಡಿ ಹತ್ತುವ ಮೊದಲು ಕುಡಿದ ಕಟಿಂಗ್ ಚಹಾ ಈ ಲೆಕ್ಕಕ್ಕೆ ಸೇರಿಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದು ನಿಶ್ಚಿಂತರಾದವರೂ ನಮ್ಮಲ್ಲಿದ್ದರು. ಬೆಲ್ಲವೂ ಕಬ್ಬಿನ ಕೂಸೇ ಎಂಬುದನ್ನು ಅವರು ಮರೆತಿದ್ದರು. ಹಾಗೆಂದು ಯುಗಾದಿಯ ದಿನ ಹೋಳಿಗೆ ಮುಟ್ಟಬಾರದೆಂದು ನಾವು ಹೇಳುವುದಿಲ್ಲ. ಒಂದು ತಿನ್ನೋಣ, ಅಂದು ಅನ್ನವನ್ನು ತಗ್ಗಿಸೋಣ, ಸಂಜೆ ತುಸು ಹೆಚ್ಚು ನಡೆಯೋಣ.

ನಡಿಗೆಯೆಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ, ಬಿರುಸಾಗಿ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿಯೂ ಇಷ್ಟೇ: ವಾರಕ್ಕೆ 150 ನಿಮಿಷದ ವ್ಯಾಯಾಮ, ದೇಹತೂಕದಲ್ಲಿ ಶೇಕಡಾ 7ರಷ್ಟು ಇಳಿತ. 70 ಕಿಲೋ ತೂಗುವವರು ಸುಮಾರು 5 ಕಿಲೋ ಇಳಿಯಬೇಕು. ಆಗದ ಮಾತೇನಲ್ಲ.

ಇಷ್ಟೆಲ್ಲ ಯಾವ ಪುಸ್ತಕದಲ್ಲೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದ್ದನ್ನು ಈಗ ಹೇಳಬೇಕು.

ನಮ್ಮ ಕೂಟ ಮೊದಲ ಕೆಲವು ತಿಂಗಳು ನ್ಯಾಯಸ್ಥಾನವಾಗಿತ್ತು. ಪ್ರತಿಯೊಬ್ಬರೂ ತಮ್ಮ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಇಳಿದವರಿಗೆ ಚಪ್ಪಾಳೆ, ಏರಿದವರಿಗೆ ಉಪದೇಶ. ನಮ್ಮಲ್ಲೊಬ್ಬ ಹಿರಿಯರು ಕ್ರಮೇಣ ಬರುವುದನ್ನು ಬಿಟ್ಟರು. ಊರಿಗೆ ಹೋಗಿರಬೇಕೆಂದು ನಾವು ಸುಮ್ಮನಿದ್ದೆವು. ಅವರು ಇದೇ ವಾಚನಾಲಯಕ್ಕೆ, ನಾವಿಲ್ಲದ ಹೊತ್ತು ನೋಡಿ, ಪತ್ರಿಕೆ ಓದಲು ಬರುತ್ತಿದ್ದರೆಂದು ಆಮೇಲೆ ತಿಳಿಯಿತು. ಇಬ್ಬರು ಅವರ ಮನೆಗೆ ಹೋದೆವು. "ಏನ್ ರಾಯರೇ, ನಮ್ಮ ಮೇಲೆ ಸಿಟ್ಟೇ?" ಎಂದು ಕೇಳಿದೆವು.

"ಸಿಟ್ಟಲ್ಲ, ನಾಚಿಕೆ. ಏರಿರ್ತದೆ ಅಂತ ನನಗೆ ಗೊತ್ತಿತ್ತು. ನಿಮ್ಮೆದುರು ಓದೋದು ಬೇಡ ಅಂತ ಪರೀಕ್ಷೇನೇ ಮಾಡಿಸಲಿಲ್ಲ" ಎಂದರು.

ಎಂಟು ತಿಂಗಳು ಪರೀಕ್ಷೆಯಿಲ್ಲದೆ ಕಳೆದಿತ್ತು. ಮರುದಿನ ಜೊತೆಗೂಡಿ ಹೋಗಿ ಮಾಡಿಸಿದಾಗ ಬಂದದ್ದು 7.1. ಹೊಸ್ತಿಲು ದಾಟಿಯಾಗಿತ್ತು. ನಮ್ಮ ಉಪದೇಶದಿಂದಲೇ ರೋಗ ಬಂತೆಂದು ಹೇಳಲಾಗದು. ಆದರೆ ಆ ಎಂಟು ತಿಂಗಳನ್ನು ಅವರಿಂದ ಕಳೆದವರು ನಾವೇ. ಅವರು ಈಗ ಗುಳಿಗೆ ತೆಗೆದುಕೊಳ್ಳುತ್ತಾರೆ. ನಮ್ಮೊಡನೆ ನಡೆಯಲೂ ಬರುತ್ತಾರೆ. ಇಂದು ಈ ಸಭೆಯಲ್ಲಿಯೇ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಸಂಗತಿಯನ್ನು ಹೇಳಿದ್ದೇವೆ.

ಅಂದಿನಿಂದ ನಮ್ಮ ಕಟ್ಟಳೆಗಳು ಬದಲಾದವು. ಅಂಕಿ ಅವರವರ ಜೇಬಿನಲ್ಲಿ ಇರಲಿ. "ಎಷ್ಟು ಬಂತು?" ಎಂದು ಯಾರೂ ಕೇಳಕೂಡದು, "ಈ ವಾರ ಯಾವುದು ಕಷ್ಟವಾಯಿತು?" ಎಂದು ಕೇಳಬೇಕು. ಎರಡು ರವಿವಾರ ಬಾರದವರ ಮನೆಗೆ ಒಬ್ಬರು ಹೋಗಿಬರಬೇಕು. ಸೊಪ್ಪು, ಪುಡಿ, ಕಷಾಯಗಳನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆ ನಿಲ್ಲಿಸುವಂತೆ ಯಾರೂ ಯಾರಿಗೂ ಹೇಳಕೂಡದು.

ಇನ್ನೊಂದು ತಿದ್ದುಪಡಿಯನ್ನು ಕೂಟದಲ್ಲಿರುವ ಒಬ್ಬ ಅಕ್ಕ ಮಾಡಿಸಿದರು. "ಗಂಡಸರು ಅನ್ನ ಕಡಿಮೆ ಮಾಡಿದ್ವಿ ಅಂತೀರಿ. ಪಾತ್ರೇಲಿ ಉಳಿದ ಅನ್ನ ಚೆಲ್ಲೋಕಾಗಲ್ಲ ಅಂತ ಕೊನೆಗೆ ತಿನ್ನೋರು ನಾವು" ಎಂದರು. ಸಭೆ ತಣ್ಣಗಾಯಿತು. ಅಂದಿನಿಂದ ಅಳತೆ ತಟ್ಟೆಯಲ್ಲಲ್ಲ, ಅಕ್ಕಿ ತೊಳೆಯುವಾಗಲೇ. ಅಡಿಗೆ ಮಾಡುವವರನ್ನು ಕರೆಯದೆ ಪಥ್ಯದ ಮಾತನ್ನು ನಾವು ಎತ್ತುವುದಿಲ್ಲ.

ಕೂಟವೆಂದರೆ ಮಂತ್ರವಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1007 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೆರೆಹೊರೆಯವರೇ ಗುಂಪು ಕಟ್ಟಿ, ತಮ್ಮವರನ್ನೇ ಮುಂದಾಳಾಗಿ ಆರಿಸಿಕೊಂಡು ನಡೆಸಿದರು. ಎರಡು ವರ್ಷದ ಕೊನೆಗೆ ಗುಂಪಿನವರಲ್ಲಿ ಶೇಕಡಾ 14.9, ಉಳಿದವರಲ್ಲಿ 17.1 ಮಂದಿಗೆ ಮಧುಮೇಹ ಬಂದಿತ್ತು. ಗುಂಪಿನಿಂದಲೇ ರೋಗ ತಗ್ಗಿತೆಂದು ಖಚಿತವಾಗಿ ಹೇಳಲು ಈ ಅಂತರ ಸಾಲದು. ಆದರೆ ಗುಂಪಿನವರಲ್ಲಿ ಹಣ್ಣು ತರಕಾರಿ ಹೆಚ್ಚಿತು, ಮದ್ಯ ಕಡಿಮೆಯಾಯಿತು. ಸಂಗಾತಿಗಳಿಂದ ಆಗುವುದು ಇಷ್ಟು: ಒಬ್ಬನೇ ಮೂರು ವಾರಕ್ಕೆ ಬಿಟ್ಟುಬಿಡುವ ಪಥ್ಯವನ್ನು ಮೂರು ವರ್ಷ ಎಳೆಯಲು ಹೆಗಲು ಸಿಗುತ್ತದೆ. ಆ ಹೆಗಲು ನಾಚಿಕೆಪಡಿಸಬಾರದು, ಅಷ್ಟೆ.

ಕೊನೆಯದಾಗಿ ಒಂದು ಬಿನ್ನಹ. ಮೂವತ್ತು ದಾಟಿದವರು, ಅದರಲ್ಲೂ ತಂದೆತಾಯಿಗಳಿಗೆ ಸಕ್ಕರೆ ಕಾಯಿಲೆ ಇದ್ದವರು, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಚೀಟಿಯಲ್ಲಿ ಏನೇ ಬಂದಿರಲಿ, ಅದನ್ನು ಅಡಗಿಸಿಟ್ಟು ಒಬ್ಬರೇ ಕೊರಗಬೇಡಿರಿ. ಪ್ರತಿ ರವಿವಾರ ಬೆಳಗ್ಗೆ ನಾವು ಈ ಬಾಗಿಲಿನಿಂದಲೇ ಹೊರಟು, ನಡೆದು, ಇಲ್ಲಿಗೇ ಮರಳುತ್ತೇವೆ. ಚೀಟಿ ತರಬೇಕಾಗಿಲ್ಲ, ಚಪ್ಪಲಿ ಗಟ್ಟಿಯಾಗಿದ್ದರೆ ಸಾಕು.

ಸಭೆಯ ನಂತರ ಚಹಾ ಇದೆ. ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇರಿಸಿದೆ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬಹುದು. ಯಾರೂ ಲೆಕ್ಕ ಇಡುವುದಿಲ್ಲ.