ಒಳಗೆ ಬಿಟ್ಟ ಬಟ್ಟೆ

ಹೆರಿಗೆ ರಜೆ ಮುಗಿಯುತ್ತಾ ಬಂತು, ಮುಂದಿನ ವಾರ ಕಚೇರಿ. ಬೀರು ತೆರೆದು ಹಳೆಯ ರವಿಕೆ ತೊಟ್ಟು ನೋಡಿದರೆ ಹುಕ್ ಕೂಡುವುದಿಲ್ಲ. ಆ ಗಳಿಗೆಯಲ್ಲಿ ಎಷ್ಟೋ ತಾಯಂದಿರು ತಮ್ಮ ಮೈಯನ್ನೇ ಹಳಿದುಕೊಳ್ಳುತ್ತಾರೆ. ಅದು ನನಗೆ ತುಂಬ ನೋವಿನ ಸಂಗತಿ. ಹಳೆಯದಾಗಿರುವುದು ಅಳತೆ, ಅಷ್ಟೇ.

ನಮ್ಮ ದರ್ಜಿಗಳಿಗೆ ಇದು ಚೆನ್ನಾಗಿ ಗೊತ್ತು. ರವಿಕೆ ಹೊಲಿಯುವಾಗ ಪಕ್ಕದಲ್ಲಿ ಒಂದಿಷ್ಟು ಬಟ್ಟೆ ಒಳಗೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಒಂದು ಸಾಲು ಬಿಚ್ಚಿದರೆ ಸಾಕು, ರವಿಕೆ ಸಡಿಲವಾಗುತ್ತದೆ. ಹೆಣ್ಣಿನ ಮೈ ಬದಲಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡ ಹೊಲಿಗೆ ಅದು. ಸಿದ್ಧ ಉಡುಪುಗಳಲ್ಲಿ ಈ ಔದಾರ್ಯ ಅಪರೂಪ.

ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಭಾರತದ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕೆಂದೂ ಕಾನೂನು ಹೇಳುತ್ತದೆ. ಆ ಚಿಕ್ಕ ಬಿಡುವಿನಲ್ಲಿ, ಬೆನ್ನ ಹಿಂದೆ ಜಿಪ್ ಇರುವ ಉಡುಪು ತೊಟ್ಟ ತಾಯಿ ಎಷ್ಟು ಒದ್ದಾಡಬೇಕು! ಅವಳಿಗೆ ಬೇಕಾದದ್ದು ಮುಂದೆ ಗುಂಡಿ ಇರುವ ಹತ್ತಿಯ ಕುರ್ತಾ, ಹಾಲು ಒಸರಿದರೂ ಎದ್ದು ಕಾಣದ ಗಾಢ ಬಣ್ಣದ ಅಚ್ಚು, ಚೀಲದಲ್ಲೊಂದು ಬದಲಿ ಜೊತೆ. ಹೊಸದಾಗಿ ಮೂರು ಜೊತೆ ಕೊಂಡರೆ ಸಾಕು. ಮೈ ಇನ್ನೂ ಬದಲಾಗುತ್ತಲೇ ಇರುತ್ತದೆ.

ಇವತ್ತು ಸಂಜೆ ಮನೆಯವರು ಮಗುವನ್ನು ಒಂದು ಗಂಟೆ ಎತ್ತಿಕೊಂಡರೆ, ಅವಳು ಆ ಹಳೆಯ ರವಿಕೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ದರ್ಜಿಯ ಅಂಗಡಿಗೆ ಹೋಗಿಬರಬಹುದು.