ತಲೆಗೆ ನೀರು ಹೊಯ್ದಾಗ ಬರುವ ಮೂರ್ಛೆ



ತುಳಸಿಗೇರಿಯ ಕಡೆ ತಲೆಸ್ನಾನಕ್ಕೆ ‘ಎರಕೊಳ್ಳುವುದು’ ಎನ್ನುತ್ತಾರೆ. ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ಮೇಲಿಂದ ಮೇಲೆ ತಲೆಗೆ ಹೊಯ್ದುಕೊಂಡರೆ ಬಹುಪಾಲು ಜನರಿಗೆ ಹಾಯೆನಿಸುತ್ತದೆ. ಆದರೆ ಕೆಲವರಿಗೆ ಅದೇ ಗಳಿಗೆಯಲ್ಲಿ ಎಚ್ಚರ ತಪ್ಪುತ್ತದೆ, ಕೈಕಾಲು ಸೆಟೆದುಕೊಳ್ಳಲೂಬಹುದು. ಗಾಳಿ ಸೋಕಿತೆಂದು ಮನೆಯವರು ಮುಚ್ಚಿಡುವುದುಂಟು. ಅದು ಗಾಳಿಯಲ್ಲ, ಮೆದುಳಿನ ತೊಂದರೆ. ಅದರ ಹೆಸರು ‘ಬಿಸಿನೀರಿನ ಅಪಸ್ಮಾರ’.

ಮೆದುಳಿನ ಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತವೆ. ಅಸಂಖ್ಯ ಕೋಶಗಳು ಒಮ್ಮೆಲೇ ಅಂಕೆ ಮೀರಿ ಸಂಕೇತ ಹೊರಡಿಸಿದರೆ ಮೂರ್ಛೆ ಬರುತ್ತದೆ. ಇಲ್ಲಿ ಅದನ್ನು ಕೆರಳಿಸುವುದು ತಲೆಯ ಮೇಲೆ ಸುರಿಯುವ ಬಿಸಿನೀರು.

ಈ ರೋಗದ ಮೊದಲ ವರದಿ ಬಂದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಕಂಡುಬಂದದ್ದು ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ. ಬೆಂಗಳೂರಿನಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲೇ ಇದನ್ನು ಗುರುತಿಸಿದ್ದರು. 1988ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ಇವರ ಸ್ನಾನದ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಕೆಲವು ಕುಟುಂಬಗಳಲ್ಲಿ ಇದು ವಂಶವಾಹಿಯೆಂದೂ ತಿಳಿದುಬಂದಿದೆ.

ಇದನ್ನು ಪತ್ತೆ ಹಚ್ಚುವುದು ಹೇಗೆ? ಮೂರ್ಛೆ ಇಲ್ಲದಾಗ ತೆಗೆದ ಮೆದುಳಿನ ವಿದ್ಯುತ್ ಲೇಖ, ಅಂದರೆ ಇ.ಇ.ಜಿ., ಅನೇಕ ರೋಗಿಗಳಲ್ಲಿ ಸರಿಯಾಗಿಯೇ ಕಾಣುತ್ತದೆ. ಆಗ ವೈದ್ಯರಿಗೆ ದಾರಿ ತೋರುವುದು ಒಂದು ಸರಳ ಪ್ರಶ್ನೆ: ‘ಮೂರ್ಛೆ ಬಂದಾಗ ಏನು ಮಾಡುತ್ತಿದ್ದಿರಿ?’ ಮನೆಯವರು ಉತ್ತರ ಮುಚ್ಚಿಟ್ಟರೆ ರೋಗವೂ ಮುಚ್ಚಿಹೋಗುತ್ತದೆ.

ಉತ್ತರ ಸಿಕ್ಕರೆ ಉಪಾಯವೂ ಉಂಟು. ಉಗುರುಬೆಚ್ಚಗಿನ ನೀರಿನ ಸ್ನಾನವೇ ಅನೇಕರಿಗೆ ನೆರವಾಗುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗಲು ವೈದ್ಯರು ಮಾತ್ರೆ ಕೊಡುತ್ತಾರೆ. ಮುಂದೆ ಸ್ನಾನವಿಲ್ಲದೆಯೂ ಮೂರ್ಛೆ ಬರುವವರಿದ್ದಾರೆ. ಆದ್ದರಿಂದ ವೈದ್ಯರನ್ನು ಕಾಣಲೇಬೇಕು.

ಇಂಥ ತೊಂದರೆಯುಳ್ಳವರು ಬಚ್ಚಲ ಬಾಗಿಲಿಗೆ ಒಳಚಿಲಕ ಹಾಕಬಾರದು. ಯಾರಾದರೂ ಮೂರ್ಛೆ ಬಿದ್ದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ನೀರಿನಿಂದ ಈಚೆ ತಂದು, ಸೆಳೆತ ನಿಂತೊಡನೆ ಒಂದು ಮಗ್ಗುಲಿಗೆ ಮಲಗಿಸಿ. ಸೆಳೆತ ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಬಳಿಕ ನೀವು ಕಂಡದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ವೈದ್ಯರ ಕೈಗೆ ಕೊಡಿ.